ಗೇಟಿಲ್ಲದ ಬಯಲಿನಲ್ಲಿ ಸೊಪ್ಪಿನ ಬುಟ್ಟಿ

ನಾನು ಫೇಲಾದ ದಿನ ನನ್ನ ಪರದೆಯ ಮೇಲೆ ಎರಡು ವಿಮಾನಗಳು ಒಂದಕ್ಕೊಂದು ಬಡಿದುಕೊಂಡವು. ಪುಣ್ಯಕ್ಕೆ ನಿಜವಾದ ವಿಮಾನಗಳಲ್ಲ. ತರಬೇತಿ ಕೋಣೆಯ ಸಿಮ್ಯುಲೇಟರಿನಲ್ಲಿ ಓಡಾಡುವ ಸುಳ್ಳು ವಿಮಾನಗಳು. ಒಳಗೆ ಜನರಿಲ್ಲ, ಊಟದ ತಟ್ಟೆಗಳಿಲ್ಲ, ಕಿಟಕಿ ಸೀಟಿಗೆ ಜಗಳವಾಡುವ ಮಕ್ಕಳಿಲ್ಲ. ಆದರೂ ಆ ಎರಡು ಹಸಿರು ಚುಕ್ಕೆಗಳು ಕೆಂಪಾಗಿ ಒಂದರ ಮೇಲೊಂದು ಕೂತಾಗ ನಾನು ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟೆ. ಹಿಂದೆ ಕೂತಿದ್ದ ಪರೀಕ್ಷಕರು ಗುಂಡಿ ಒತ್ತಿ ಎಲ್ಲವನ್ನೂ ನಿಲ್ಲಿಸಿದರು. ಹನ್ನೊಂದು ವರ್ಷ ವಿಮಾನ ಕಾದವಳು ನಾನು. ಅಲ್ಲಿಯವರೆಗೆ ಯಾರಿಂದಲೂ ಒಂದು ಮಾತು ಅನ್ನಿಸಿಕೊಂಡಿರಲಿಲ್ಲ.

ನನ್ನ ಕೆಲಸ ಏನು ಅಂತ ಕೇಳಿದರೆ ನಾನು ಹುಟ್ಟಿ ಬೆಳೆದ ಕೋರಮಂಡಲ್ ಲೈನಿನ, ಅಂದರೆ ಚಿನ್ನದ ಗಣಿ ಕಾರ್ಮಿಕರ ಸಾಲುಮನೆಗಳ ಜನ ಈಗಲೂ ರನ್‌ವೇ ಪಕ್ಕ ಬಾವುಟ ಹಿಡಿದು ನಿಲ್ಲುವ ಕೆಲಸ ಅಂತಲೇ ಹೇಳುತ್ತಾರೆ. ತಿದ್ದಿ ತಿದ್ದಿ ಸಾಕಾಗಿ ಬಿಟ್ಟಿದ್ದೇನೆ. ನಿಜಕ್ಕೂ ನಾನು ಕೂರುವುದು ಕಿಟಕಿಯೇ ಇಲ್ಲದ ಕೋಣೆಯಲ್ಲಿ. ಆಕಾಶದ ಒಂದು ತುಂಡು ನನ್ನ ಪಾಲಿನದು. ಅದರೊಳಗೆ ಬರುವ ಪ್ರತಿ ವಿಮಾನಕ್ಕೂ ಪರದೆಯ ಮೇಲೆ ಒಂದು ಚುಕ್ಕೆ. ಎರಡು ಚುಕ್ಕೆಗಳು ಒಂದೇ ಎತ್ತರದಲ್ಲಿದ್ದರೆ ನಡುವೆ ಐದು ಮೈಲಿ ಇರಬೇಕು. ಅಷ್ಟು ಇರದಿದ್ದರೆ ಒಂದು ಇನ್ನೊಂದಕ್ಕಿಂತ ಸಾವಿರ ಅಡಿ ಮೇಲೋ ಕೆಳಗೋ ಇರಬೇಕು. ಇಷ್ಟೇ ನೌಕರಿ. ಹೇಳುವುದಕ್ಕೆ ಸುಲಭ.

ಮೊದಲೆಲ್ಲ ಆಕಾಶದಲ್ಲೂ ರಸ್ತೆಗಳಿದ್ದವು. ಕಣ್ಣಿಗೆ ಕಾಣದ, ನಕ್ಷೆಯಲ್ಲಿ ಗೆರೆ ಎಳೆದಿಟ್ಟ ರಸ್ತೆಗಳು. ವಿಮಾನಗಳು ಅವುಗಳ ಮೇಲೆಯೇ ಹೋಗಬೇಕು, ಅವು ಕೂಡುವ ಜಾಗಗಳೂ ಗೊತ್ತಿದ್ದವು. ನನ್ನ ತುಂಡಿನಲ್ಲಿ ಅಂಥವು ನಾಲ್ಕು. ಆ ನಾಲ್ಕರ ಮೇಲೆ ಕಣ್ಣಿಟ್ಟರೆ ಅರ್ಧ ಕೆಲಸ ಮುಗಿದ ಹಾಗೆ. ಆಮೇಲೆ ಹೊಸ ಪದ್ಧತಿ ಬಂತು. ತುಂಬಾ ಎತ್ತರದಲ್ಲಿ ಹಾರುವ ವಿಮಾನಗಳು ಇನ್ನು ರಸ್ತೆ ಹಿಡಿಯಬೇಕಿಲ್ಲ. ಗಾಳಿ ನೋಡಿಕೊಂಡು, ಇಂಧನ ಉಳಿಸಿಕೊಂಡು, ತಮಗೆ ಬೇಕಾದ ನೇರದಲ್ಲಿ ಹೋಗಬಹುದು. ಒಳ್ಳೆಯದೇ. ಸುತ್ತಿ ಬಳಸಿ ಹೋಗುವುದು ಯಾರಿಗೆ ಬೇಕು? ನಾವೆಲ್ಲ ಚಪ್ಪಾಳೆ ತಟ್ಟಿದೆವು. ಕೆಲಸ ಹಗುರವಾಗುತ್ತದೆ, ಪೈಲಟ್‌ಗಳ ಜೊತೆ ಮಾತು ಕಡಿಮೆಯಾಗುತ್ತದೆ ಅಂತ ತರಬೇತಿಯಲ್ಲಿ ಹೇಳಿದ್ದರು. ಮಾತು ಕಡಿಮೆಯಾದದ್ದು ನಿಜ.

ಆದರೆ ರಸ್ತೆಗಳು ಹೋದ ಮೇಲೆ ಕೂಡುವ ಜಾಗವೂ ಹೋಯಿತು. ಈಗ ಯಾವ ಎರಡು ವಿಮಾನ ಎಲ್ಲಿ ಬೇಕಾದರೂ ಎದುರಾಗಬಹುದು. ನಕ್ಷೆಯಿಂದ ಅಳಿಸಿದ ಆ ನಾಲ್ಕು ಜಾಗಗಳು ನನ್ನ ತಲೆಯಿಂದ ಮಾತ್ರ ಅಳಿಸಿರಲಿಲ್ಲ. ಹೊಸ ಪದ್ಧತಿಗಾಗಿ ನಡೆದ ಪರೀಕ್ಷೆಯ ದಿನ ನಾನು ಆ ಖಾಲಿ ಜಾಗಗಳನ್ನೇ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದೆ. ಅತ್ತ ಪರದೆಯ ಮೂಲೆಯಲ್ಲಿ, ಹನ್ನೊಂದು ವರ್ಷದಲ್ಲಿ ಯಾವ ಎರಡು ವಿಮಾನವೂ ಭೇಟಿಯಾಗದ ಜಾಗದಲ್ಲಿ, ಇವೆರಡು ಭೇಟಿಯಾದವು. ಯಂತ್ರ ಕೂಗಿ ಎಚ್ಚರಿಸಿತು. ಆಗ ನಾನು ಬೇರೆ ಮೂವರು ಪೈಲಟ್‌ಗಳಿಗೆ ಉತ್ತರ ಕೊಡುವುದರಲ್ಲಿದ್ದೆ.

ನನಗೆ ಮೂಗಿನ ತುದಿಯಲ್ಲಿ ಕೋಪ. ತಪ್ಪು ನನ್ನದಾದಾಗ ಇನ್ನೂ ಜಾಸ್ತಿ. "ಸಾರ್, ಕೆಲಸದ ಹೊರೆ ಕಡಿಮೆಯಾಗುತ್ತೆ ಅಂತ ನೀವೇ ಹೇಳಿದ್ದು," ಅಂತ ಪರೀಕ್ಷಕರ ಮೇಲೆ ಹರಿಹಾಯ್ದೆ.

ಅವರು ನನ್ನ ಹಾಗೆ ಕೂಗಾಡುವ ಮನುಷ್ಯರಲ್ಲ. "ಬಾಯಿಗೆ ಕಡಿಮೆಯಾಗಿದೆ ಮೇಡಂ, ಕಣ್ಣಿಗೆ ಜಾಸ್ತಿಯಾಗಿದೆ. ಕೊನೇ ಹತ್ತು ನಿಮಿಷ ನೀವು ಮುಳುಗ್ತಾ ಇದ್ರಿ. ಒಂದು ಮಾತು ಹೇಳಿದ್ರೆ ಅರ್ಧ ಆಕಾಶ ಇನ್ನೊಬ್ಬರಿಗೆ ಕೊಡ್ತಿದ್ದೆ. ಯಾಕೆ ಹೇಳಲಿಲ್ಲ?"

ಹೇಳಿಕೊಳ್ಳುವುದು ಅಂದರೆ ಸೋತ ಹಾಗೆ ಅಂದುಕೊಂಡಿದ್ದೆ, ಅಷ್ಟೇ. ಹತ್ತು ದಿನ ಬಿಟ್ಟು ಇನ್ನೊಂದು ಪರೀಕ್ಷೆ ಅಂದರು. ಅದರಲ್ಲೂ ಹೋದರೆ ನನ್ನನ್ನು ಪರದೆಯ ಮುಂದಿನಿಂದ ಎಬ್ಬಿಸಿ ಕಾಗದಪತ್ರದ ಟೇಬಲ್ಲಿಗೆ ಕೂರಿಸುತ್ತಾರೆ. ಬೇರೆಯವರಿಗೆ ಅದು ಆರಾಮದ ನೌಕರಿ ಇರಬಹುದು. ನನಗೆ ಕೈ ಕತ್ತರಿಸಿದ ಹಾಗೆ.

ಗಂಡನಿಗೆ ಮನೆ, ಮಗಳು, ಇಸ್ತ್ರಿ ಬಟ್ಟೆ ಎಲ್ಲ ಒಪ್ಪಿಸಿ, ತವರಿನ ಕಡೆ ಹೋಗುವ ಮಾರಿಕುಪ್ಪಂ ರೈಲು ಹತ್ತಿದೆ. ಓದುವ ಪುಸ್ತಕಗಳನ್ನು ಒಂದು ಚೀಲ ತುಂಬಿಕೊಂಡಿದ್ದೆ. ಅವುಗಳಲ್ಲಿ ಒಂದನ್ನೂ ತೆರೆಯಲಿಲ್ಲ ಅನ್ನುವುದನ್ನು ಈಗಲೇ ಹೇಳಿಬಿಡುತ್ತೇನೆ.

ಅಮ್ಮ ಕೋರಮಂಡಲ್‌ನ ಲೈನ್ ಮನೆಯಲ್ಲೇ ಇದ್ದಾಳೆ, ನನ್ನ ತಮ್ಮನ ಸಂಸಾರದ ಜೊತೆ. ಗಣಿ ಮುಚ್ಚಿ ಅಪ್ಪನ ಕೆಲಸ ಹೋದ ವರ್ಷದಿಂದ ಅವಳು ಸೊಪ್ಪು ಮಾರುತ್ತಾಳೆ. ಸಂಜೆ ಬೇತಮಂಗಲದ ಕಡೆಯಿಂದ ಬಸ್ಸಿನಲ್ಲಿ ಸೊಪ್ಪು ಬರುತ್ತದೆ; ದಂಟು, ಪಾಲಕ್, ಮೆಂತ್ಯ, ಕೊತ್ತಂಬರಿ. ಅದನ್ನು ಕಟ್ಟು ಮಾಡಿ, ನೀರು ಚಿಮುಕಿಸಿ, ಬೆಳಿಗ್ಗೆ ಬುಟ್ಟಿ ಹೊತ್ತು, ರೈಲಲ್ಲಿ ಬಂಗಾರಪೇಟೆಗೆ. ಈಗ ದುಡಿಯಲೇಬೇಕಾದ ಅಗತ್ಯವಿಲ್ಲ. ಬಿಡು ಅಂದರೆ, "ಬಿಟ್ಟು ನಿಮ್ ಮಕಾ ನೋಡ್ಕಂಡ್ ಕೂತ್ಕಳ್ಳಾ?" ಅನ್ನುತ್ತಾಳೆ.

ಫೇಲಾದದ್ದನ್ನು ಹೇಳಿದಾಗ ಅವಳು ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಲಿಲ್ಲ. "ಯಾರಿಗಾನ ಪೆಟ್ಟಾಯ್ತಾ?" ಅಂದಳು.

"ಇಲ್ಲಮ್ಮ, ಸುಳ್ಳು ವಿಮಾನ."

"ಮತ್ಯಾಕ್ ಅಳ್ತೀಯಾ? ಬೆಳಿಗ್ಗೆ ಬುಟ್ಟಿ ಎತ್ಕಂಡ್ ಬಾ ನನ್ ಜೊತೆ. ಮಂಡಿ ನೋವು ನಂಗೆ."

ಮಂಡಿ ನೋವು ಎಷ್ಟಿತ್ತೋ ದೇವರಿಗೇ ಗೊತ್ತು. ನನ್ನನ್ನು ಮನೆಯಲ್ಲಿ ಮುಸುಕು ಹೊದ್ದು ಮಲಗಲು ಬಿಡಬಾರದು ಅನ್ನುವುದು ಅವಳ ಲೆಕ್ಕಾಚಾರ ಅಂತ ನನಗೆ ಆಗಲೇ ಗೊತ್ತಿತ್ತು.

ನಮ್ಮ ಲೈನಿಗೂ ಸ್ಟೇಷನ್ನಿಗೂ ನಡುವೆ ಒಂದು ದೊಡ್ಡ ಬಯಲಿದೆ. ಆಚೆ ತುದಿಯಲ್ಲಿ, ಚಿನ್ನ ತೆಗೆದ ಮೇಲೆ ಉಳಿದ ಮಣ್ಣು ಸುರಿದು ಸುರಿದು ಬೆಳೆದ ಬೂದುಬಣ್ಣದ ಸೈನೈಡ್ ಗುಡ್ಡ, ಅದರ ಮೈಮೇಲೆ ಅಲ್ಲಲ್ಲಿ ಜಾಲಿ ಗಿಡ. ನಾನು ಚಿಕ್ಕವಳಿದ್ದಾಗ ಬಯಲಿಗೆ ಬೇಲಿ ಇತ್ತು, ಒಂದು ಗೇಟಿತ್ತು, ಗೇಟಿಗೆ ವಾಚ್‌ಮನ್ ಇದ್ದ. ಎಲ್ಲರೂ ಒಂದೇ ರಸ್ತೆಯಲ್ಲಿ ಹೋಗಿ ಆ ಗೇಟಿನಲ್ಲೇ ನುಸುಳಬೇಕು. ಗಣಿ ಮುಚ್ಚಿತು, ವಾಚ್‌ಮನ್ ಹೋದ, ಬೇಲಿಯ ತಂತಿ ಯಾರ ಯಾರದೋ ಹಿತ್ತಲು ಸೇರಿತು. ಈಗ ಬೆಳಿಗ್ಗೆ ರೈಲಿನ ಹೊತ್ತಿಗೆ ಬಯಲು ನೋಡಬೇಕು. ಸೈಕಲ್, ಸ್ಕೂಟರ್, ಟಿಫನ್ ಬಾಕ್ಸ್ ಹಿಡಿದು ಓಡುವವರು, ಬುಟ್ಟಿ ಹೊತ್ತ ಹೆಂಗಸರು, ಅಡ್ಡಡ್ಡ ಮೇಕೆಗಳು. ಒಬ್ಬೊಬ್ಬರದು ಒಂದೊಂದು ದಿಕ್ಕು, ಎಲ್ಲರಿಗೂ ಅದೇ ರೈಲು.

ಮೊದಲ ದಿನ ಬುಟ್ಟಿ ಹೊತ್ತು ನೂರು ಹೆಜ್ಜೆ ಹೋಗಿರಲಿಲ್ಲ, ಎಡಗಡೆಯಿಂದ ಒಂದು ಸ್ಕೂಟರ್ ಬಂದು ನನ್ನ ಮೊಣಕಾಲಿಗೆ ಒಂದು ಗೇಣು ದೂರದಲ್ಲಿ ಕಿರ್ರನೆ ನಿಂತಿತು. ಬುಟ್ಟಿ ವಾಲಿ ಕೊತ್ತಂಬರಿಯ ನಾಲ್ಕು ಕಟ್ಟು ಸವಾರನ ಮಡಿಲಿಗೇ ಬಿತ್ತು. ಅವರು ಇಲ್ಲಿನ ಫ್ಯಾಕ್ಟರಿಯಲ್ಲಿ ಕೆಲಸಕ್ಕಿರುವ ಉತ್ತರ ಕರ್ನಾಟಕದ ಕಡೆಯವರು. "ಯವ್ವಾ, ಕಣ್ಣ ಎಲ್ಲಿಟ್ಟೀರಿ? ಮದುವಿ ಮನ್ಯಾಗ ಅಕ್ಕಿಕಾಳ ಹಾಕಿದಂಗ ಸೊಪ್ಪ ಹಾಕಾಕತ್ತೀರಲ್ರೀ!" ಅಂದು, ಕಟ್ಟುಗಳನ್ನು ಎತ್ತಿಕೊಟ್ಟು ಹೋದರು. ಆಕಾಶದಲ್ಲೂ ಡಿಕ್ಕಿ, ನೆಲದ ಮೇಲೂ ಡಿಕ್ಕಿ. ಸಿಟ್ಟಿನಿಂದ ನನ್ನ ಕಿವಿ ಬಿಸಿಯಾಯಿತು.

ಅಮ್ಮ ನಕ್ಕಳು. "ನೀನ್ ಎಲ್ ನೋಡ್ತಿದ್ದೆ ಏಳು?"

"ದಾರಿ ನೋಡ್ತಿದ್ದೆ. ಅಗೋ, ಆ ಗೇಟ್ ಇದ್ದ ಕಡೆ."

"ಗೇಟ್ ಓಗಿ ಯಾವ್ ಕಾಲ ಆಯ್ತು! ಗೇಟ್ ಇದ್ದಾಗ ನಾವೂ ಗೇಟೇ ನೋಡ್ತಿದ್ವಿ. ಎಲ್ರೂ ಅಲ್ಲಿಗೇ ಬರ್ಬೇಕಲ್ಲ. ಈಗ ಜನಾನ ನೋಡ್ಬೇಕು."

"ಇಷ್ಟು ಜನಾನ ಹೆಂಗಮ್ಮ ನೋಡೋದು?"

ಅವಳು ನಿಂತು, ಬಲಗಡೆ ದೂರದಲ್ಲಿ ಬರುತ್ತಿದ್ದ ಒಂದು ಸೈಕಲ್ ಕಡೆ ಗದ್ದ ಎತ್ತಿದಳು. "ಆ ಸೈಕಲ್ಲವನು ಈಗ ಗುಡ್ಡದ್ ಮ್ಯಾಲಿನ ಜಾಲಿ ಗಿಡದ ನೇರಕ್ಕವ್ನೆ, ಅಲ್ವಾ? ನಡಿ. ಅತ್ತೆಜ್ಜೆ ಆಕು. ಈಗ್ಲೂ ಅದೇ ಗಿಡದ ನೇರಕ್ಕೇ ಇದ್ರೆ ಅವ್ನೂ ನೀನೂ ಗುದ್ದಾಡ್ತೀರಾ. ಗಿಡ ಬಿಟ್ಟು ಮುಂದ್ಕೋ ಇಂದ್ಕೋ ಜರುಗಿದ್ರೆ ಅವನ್ ಪಾಡಿಗವ್ನು, ನಿನ್ ಪಾಡಿಗ್ ನೀನು. ತಲೆ ಮ್ಯಾಲೆ ಬುಟ್ಟಿ ಇರೋರು ತಟಕ್ಕಂತ ನಿಲ್ಲಕ್ಕಾಯ್ತದಾ, ಕತ್ತು ತಿರುಗ್ಸಕ್ಕಾಯ್ತದಾ? ಮುಂಚೇನೇ ತಿಳ್ಕಬೇಕು."

ಹತ್ತು ಹೆಜ್ಜೆ ಹಾಕಿದೆ. ಸೈಕಲ್ಲು ಗಿಡವನ್ನು ಬಿಟ್ಟು ಹಿಂದಕ್ಕೆ ಜರುಗಿತು. ಅವನು ನನ್ನ ಬೆನ್ನ ಹಿಂದೆ, ಎಷ್ಟೋ ದೂರದಲ್ಲಿ ದಾಟಿಹೋದ. ಆಮೇಲೆ ಟಿಫನ್ ಬಾಕ್ಸಿನ ಹುಡುಗಿಯೊಬ್ಬಳು ಕಂಡಳು. ಅವಳು ಜರುಗಲೇ ಇಲ್ಲ, ಅಂಟಿಸಿದ ಹಾಗೆ ಅದೇ ಗಿಡದ ಮುಂದೆ ದೊಡ್ಡವಳಾಗುತ್ತಾ ಬಂದಳು. ನಾನು ಎರಡು ಹೆಜ್ಜೆ ನಿಧಾನಿಸಿದೆ, ಅವಳು ನನ್ನ ಮುಂದೆ ಹಾದುಹೋದಳು. ಬುಟ್ಟಿ ಅಲುಗಲಿಲ್ಲ.

ಬಯಲಿನ ನಡುವೆ ನಿಂತುಬಿಟ್ಟೆ. ರೈಲು ಕೂಗುತ್ತಿತ್ತು, ಅಮ್ಮ ಬೈಯುತ್ತಿದ್ದಳು, ನನಗೆ ಎರಡೂ ಕೇಳಿಸಲಿಲ್ಲ. ನಮ್ಮ ಪರದೆಯ ಮೇಲೆ ಎರಡು ಚುಕ್ಕೆಗಳ ನಡುವೆ ಗೆರೆ ಎಳೆಯುವ ಸೌಲಭ್ಯವಿದೆ. ನಡುವಿನ ದೂರವನ್ನೂ ದಿಕ್ಕನ್ನೂ ಅದು ತೋರಿಸುತ್ತದೆ. ನಾನು ಯಾವಾಗಲೂ ದೂರವನ್ನಷ್ಟೇ ಓದುತ್ತಿದ್ದೆ. ದೂರ ಕಡಿಮೆಯಾಗುತ್ತಿದ್ದು, ಆ ಗೆರೆಯ ದಿಕ್ಕು ಮಾತ್ರ ಬದಲಾಗದೆ ಹಾಗೆಯೇ ಉಳಿದರೆ ಅವೆರಡು ಗುದ್ದುವ ಜೋಡಿ. ಗೆರೆ ತಿರುಗುತ್ತಾ ಹೋದರೆ ಅವುಗಳ ಪಾಡಿಗೆ ಅವು. ರಸ್ತೆ ಬೇಡ, ಕೂಡುವ ಜಾಗ ಬೇಡ. ಪಾಠದ ಪುಸ್ತಕದಲ್ಲೂ ಇದು ಎಲ್ಲೋ ಒಂದು ಕಡೆ ಇತ್ತು, ಚಿತ್ರದ ಸಮೇತ. ಓದಿ, ಬರೆದು, ಅಂಕ ತೆಗೆದುಕೊಂಡು ಮರೆತಿದ್ದೆ. ಗೇಟು ನೋಡಿಕೊಂಡು ಬದುಕುವವರಿಗೆ ಅದರ ಅಗತ್ಯ ಬಿದ್ದಿರಲಿಲ್ಲ.

ಮುಂದಿನ ಎಂಟು ದಿನ ಅಮ್ಮ ನನ್ನ ಮೇಷ್ಟ್ರು. ರೈಲಿಗೆ ಅರ್ಧ ಗಂಟೆ ಮುಂಚೆಯೇ ಹೋಗಿ ಹಳೇ ಗೇಟಿನ ಕಲ್ಲುಕಂಬದ ಬುಡದಲ್ಲಿ ಕೂರುತ್ತಿದ್ದೆವು. "ಯಾರ್ ಯಾರು ಕೂಡ್ತಾರೆ ಏಳು," ಅನ್ನುತ್ತಿದ್ದಳು. ನಾನು ಮನಸ್ಸಿನಲ್ಲೇ ಜೋಡಿಗಳ ನಡುವೆ ಗೆರೆ ಎಳೆಯುತ್ತಿದ್ದೆ. ಬಿಳಿ ಸೀರೆಗೂ ಮೇಕೆಗೂ ಆಗುತ್ತೆ, ಸ್ಕೂಟರಿಗೂ ಹಾಲಿನ ಕ್ಯಾನಿಗೂ ಆಗಲ್ಲ. ಮೊದಮೊದಲು ಹತ್ತಕ್ಕೆ ಆರು ತಪ್ಪು. ತಪ್ಪಾದಾಗಲೆಲ್ಲ ಅಮ್ಮ ಎಲೆ ಅಡಿಕೆ ಉಗುಳಿ, "ಇವ್ಳ ಕೈಗೆ ಇಮಾನ ಕೊಟ್ಟವ್ರಲ್ಲಪ್ಪಾ," ಅಂತ ಗುಡ್ಡದ ಕಡೆ ತಿರುಗಿ ಹೇಳುತ್ತಿದ್ದಳು. ಆರನೇ ದಿನಕ್ಕೆ ಅವಳಿಗಿಂತ ಮುಂಚೆ ನಾನೇ ಹೇಳತೊಡಗಿದೆ. ಅವಳು ಹೊಗಳಲಿಲ್ಲ. ಬಂಗಾರಪೇಟೆಯಲ್ಲಿ ಇಳಿದ ಮೇಲೆ ಒಂದು ಪ್ಲೇಟ್ ಪಾನಿಪುರಿ ಕೊಡಿಸಿದಳು, ಅಲ್ಲಿನ ಬಿಳಿ ಪಾನಿಯದು, ನೋಡಲು ಬರೀ ನೀರು, ಕುಡಿದರೆ ಕಣ್ಣಲ್ಲಿ ನೀರು. ಬೆಳ್ಳಂಬೆಳಗ್ಗೆ ಅಂಗಡಿಯವರು ಇನ್ನೂ ಪಾತ್ರೆ ಇಳಿಸುತ್ತಿದ್ದರು, ಅವರನ್ನು ಗದರಿಸಿ ಮಾಡಿಸಿದಳು.

ಒಂದು ಸಂಗತಿ ಮಾತ್ರ ನನಗೆ ಹಳೆಯ ಮುಳ್ಳು. ಬುಟ್ಟಿ ತುಂಬಾ ಭಾರವಿದ್ದ ದಿನ, ಜನ ಜಾಸ್ತಿಯಿದ್ದ ದಿನ, ನಮ್ಮ ಕಡೆಯ ಹೆಂಗಸರು ಬಯಲಿಗೆ ಕಾಲಿಡುವ ಮುಂಚೆಯೇ "ತಲೆ ಬಾರಾ! ತಲೆ ಬಾರಾ!" ಅಂತ, ಅಂದರೆ ತಲೆಯ ಮೇಲೆ ಭಾರವಿದೆ ಅಂತ, ಕೂಗುತ್ತಾರೆ. ಕೂಗಿದವಳಿಗೆ ಎಲ್ಲರೂ ದಾರಿ ಬಿಡಬೇಕು, ಸ್ಕೂಟರಾದರೂ ಸರಿ, ಮೇಕೆಯಾದರೂ ಸರಿ. ಹೈಸ್ಕೂಲಿಗೆ ಹೋಗುವಾಗ ಅಮ್ಮನ ಈ ಕೂಗು ಕೇಳಿದರೆ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಅವಳಿಂದ ಹತ್ತು ಹೆಜ್ಜೆ ಹಿಂದೆ, ಯಾರೋ ಏನೋ ಅನ್ನುವ ಹಾಗೆ ನಡೆಯುತ್ತಿದ್ದೆ. ಈ ಸಲವೂ ಅವಳು, "ಕೂಗು, ಬುಟ್ಟಿ ತುಂಬೈತೆ," ಅಂದಾಗ ನಾನು ಬಾಯಿ ಬಿಡಲಿಲ್ಲ.

"ಯಾಕೆ, ಮಾನ ಓಯ್ತದಾ?"

"ಇಷ್ಟು ಹೊರೋಕೆ ನಂಗಾಗುತ್ತೆ. ಕೂಗೋದು ಯಾಕೆ?"

"ಒರಕ್ಕಾಗಲ್ಲ ಅಂತ ಯಾರ್ ಕೂಗ್ತಾರೆ? ಒತ್ಕಂಡು ಓಗ್ಬೇಕು ಅಂತ ಕೂಗದು," ಅಂದು ನನ್ನ ಪರವಾಗಿ ತಾನೇ ಕೂಗಿದಳು. ನಾನು ತಲೆ ತಗ್ಗಿಸಲಾಗದೆ, ಬುಟ್ಟಿ ಇತ್ತಲ್ಲ, ನೆಟ್ಟಗೆ ನೋಡಿಕೊಂಡು ನಡೆದೆ.

ಎರಡನೇ ಪರೀಕ್ಷೆಯ ದಿನ ಪರೀಕ್ಷಕರು ನನಗೆ ಯಾವ ರಿಯಾಯಿತಿಯನ್ನೂ ಕೊಡಲಿಲ್ಲ. ಹತ್ತು ನಿಮಿಷದೊಳಗೆ ಪರದೆಯ ತುಂಬ ಚುಕ್ಕೆಗಳು ಕಿಕ್ಕಿರಿದವು. ನಾನು ಹಳೆಯ ನಾಲ್ಕು ಜಾಗಗಳ ಕಡೆ ತಿರುಗಿಯೂ ನೋಡಲಿಲ್ಲ. ಜೋಡಿ ಜೋಡಿಯಾಗಿ ಗೆರೆ ಎಳೆದೆ. ಈ ಗೆರೆ ತಿರುಗುತ್ತಿದೆ, ಬಿಡು. ಇದೂ ತಿರುಗುತ್ತಿದೆ. ಇದು ಇಲ್ಲ. ಪಶ್ಚಿಮದಿಂದ ಬರುವ ಒಂದು, ದಕ್ಷಿಣದಿಂದ ಬರುವ ಒಂದು, ಜಾಲಿ ಗಿಡದ ಮುಂದಿನ ಟಿಫನ್ ಬಾಕ್ಸಿನ ಹುಡುಗಿಯ ಹಾಗೆ ಅಂಟಿಕೊಂಡಿವೆ. ಇನ್ನೂ ಬಹಳ ದೂರವಿದ್ದಾಗಲೇ ಒಂದನ್ನು ಸಾವಿರ ಅಡಿ ಇಳಿಸಿದೆ. ಪೈಲಟ್ಟಿನ ಪಾತ್ರ ಮಾಡುತ್ತಿದ್ದವರು ನನ್ನ ಮಾತನ್ನು ತಿರುಗಿ ಒಪ್ಪಿಸಿದರು. ಆಮೇಲೆ ಇನ್ನೊಂದು ಜೋಡಿ ಸಿಕ್ಕಿತು, ಅದರ ಹಿಂದೆಯೇ ಮತ್ತೊಂದು. ಯಂತ್ರಕ್ಕೆ ಕೂಗುವ ಸಂದರ್ಭವೇ ಬರಲಿಲ್ಲ. ಖುಷಿಗೆ ಕೂತಲ್ಲೇ ಕುಣಿಯುವಂತಾಯಿತು.

ಆಗ ಪರೀಕ್ಷಕರು ಮಳೆಮೋಡ ತಂದು ಹಾಕಿದರು. ಅರ್ಧ ವಿಮಾನಗಳು ಮೋಡ ತಪ್ಪಿಸಲು ಎಡಕ್ಕೆ ಬಲಕ್ಕೆ ತಿರುಗಬೇಕು ಅಂದವು. ಅದರ ಜೊತೆಗೆ ಹೊಸ ವಿಮಾನಗಳು ಬೇರೆ. ಎಳೆದ ಗೆರೆಗಳೆಲ್ಲ ಕೆಲಸಕ್ಕೆ ಬಾರದವಾದವು. ಮತ್ತೆ ಎಳೆದೆ. ಒಬ್ಬರಿಗೆ ಉತ್ತರ ಕೊಡುವಾಗ ಇನ್ನಿಬ್ಬರು ಕರೆಯುತ್ತಿದ್ದರು. ನನ್ನ ಕಣ್ಣು ಒಂದು ಜೋಡಿಯಿಂದ ಇನ್ನೊಂದಕ್ಕೆ ಹೋಗುವುದು ಅರ್ಧ ಕ್ಷಣ ತಡವಾಗುತ್ತಿರುವುದು ನನಗೇ ಗೊತ್ತಾಯಿತು. ಹೋದ ಸಲವೂ ಇದು ಗೊತ್ತಾಗಿತ್ತು. ಹೋದ ಸಲ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ.

ತಲೆ ಭಾರವಾಗಿತ್ತು, ಕತ್ತು ತಿರುಗಿಸಲು ಆಗುತ್ತಿರಲಿಲ್ಲ. ನಾನು ಇಡೀ ಕೋಣೆಗೆ ಕೇಳುವಂತೆ ಹೇಳಿದೆ: "ಸಾರ್, ಹೊರೆ ಜಾಸ್ತಿಯಾಗಿದೆ. ಉತ್ತರದ ಅರ್ಧ ಇನ್ನೊಬ್ಬರಿಗೆ ಕೊಡಿ. ಅಲ್ಲಿಯವರೆಗೆ ಹೊಸ ವಿಮಾನ ಒಳಗೆ ಬಿಡಬೇಡಿ."

ಮುಗಿಯಿತು ನನ್ನ ಕಥೆ ಅಂದುಕೊಂಡೆ. ಆಮೇಲೆ ಪಕ್ಕದ ಕುರ್ಚಿ ಎಳೆದ ಸದ್ದು. ಸಹೋದ್ಯೋಗಿಯೊಬ್ಬರು ಕೂತು ಅರ್ಧ ಆಕಾಶ ತೆಗೆದುಕೊಂಡರು. ಉಳಿದ ಅರ್ಧವನ್ನು ನಾನು ಕೊನೆಯ ವಿಮಾನದವರೆಗೆ, ಒಂದೂ ಕೆಂಪಾಗದ ಹಾಗೆ, ದಾಟಿಸಿದೆ.

ಪರೀಕ್ಷಕರು ಕಾಗದಕ್ಕೆ ಸಹಿ ಹಾಕುತ್ತಾ, "ಆ ಮಳೆಮೋಡ ಒಬ್ಬರ ಕೈಯಲ್ಲಿ ಆಗೋದಲ್ಲ ಮೇಡಂ. ಯಾವಾಗ ಬಾಯಿ ಬಿಡ್ತೀರಿ ಅಂತ ನೋಡೋಕೇ ಹಾಕಿದ್ದು," ಅಂದರು. ಅದಾದ ಮೇಲೆ ನಮ್ಮ ಕೋಣೆಗೆ ಒಂದು ಸಣ್ಣ ನಿಯಮ ಬಂತು. ಹೊಸ ಪದ್ಧತಿ ರೂಢಿಯಾಗುವವರೆಗೆ ಒಬ್ಬೊಬ್ಬರ ಪಾಲಿಗೆ ವಿಮಾನ ಕಡಿಮೆ; ಹೊರೆ ಜಾಸ್ತಿಯಾಯಿತು ಅಂತ ಹೇಳಿದವರ ಹೆಸರಿನ ಮುಂದೆ ಕೆಟ್ಟ ಗುರುತು ಹಾಕುವ ಹಾಗಿಲ್ಲ. ಅದು ನನ್ನೊಬ್ಬಳಿಂದಲೇ ಆಯಿತು ಅಂತ ಕೊಚ್ಚಿಕೊಳ್ಳಲಾರೆ. ಆದರೆ ಮೊದಲು ಕೂಗಿದವಳು ನಾನು, ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಮಾರನೆಯ ದಿನ ಬಂಗಾರಪೇಟೆಯಲ್ಲಿ ಇಳಿದು ನೇರ ಮಾರ್ಕೆಟ್ಟಿಗೆ ಹೋದೆ. ಅಮ್ಮ ಗೋಣಿಚೀಲದ ಮೇಲೆ ಸೊಪ್ಪು ಹರಡಿಕೊಂಡು ಕೂತಿದ್ದಳು. "ಪಾಸಾದೆ ಅಮ್ಮ," ಅಂದೆ. "ಆಗ್ದೆ ಏನು? ಆ ಕೊತ್ತಂಬ್ರಿ ಕಟ್ಟು ಇತ್ಲಾಗ್ ಕೊಡು," ಅಂದಳು. ನಾನು ಬಗ್ಗಿ ಕಟ್ಟು ಎತ್ತುವಷ್ಟರಲ್ಲಿ ಎಡಗಡೆಯ ನಿಂಬೆಹಣ್ಣಿನವಳಿಗೆ ತೆಲುಗಿನಲ್ಲಿ, ಬಲಗಡೆಯ ಹೂವಿನವಳಿಗೆ ತಮಿಳಿನಲ್ಲಿ, ಎದುರಿಗೆ ಚೌಕಾಸಿ ಮಾಡುತ್ತಿದ್ದ ಗಿರಾಕಿಗೆ ಕನ್ನಡದಲ್ಲಿ ಸುದ್ದಿ ಮುಟ್ಟಿಸಿಯಾಗಿತ್ತು. ಗಿರಾಕಿಗೆ ಆ ದಿನ ಒಂದು ಕಟ್ಟು ಹೆಚ್ಚಿಗೆ ಸಿಕ್ಕಿತು.

ಅದರ ಮರುದಿನ ಬೆಳಿಗ್ಗೆ ಬುಟ್ಟಿ ಅವಳ ಕೈಯಿಂದ ನಾನೇ ಕಿತ್ತುಕೊಂಡೆ. ಹಬ್ಬದ ಹಿಂದಿನ ದಿನ, ಬುಟ್ಟಿ ಬಾಯಿಯವರೆಗೆ ತುಂಬಿತ್ತು, ಬಯಲು ಜನರಿಂದ ತುಂಬಿತ್ತು. ನಮ್ಮೂರ ಹೈಸ್ಕೂಲಿನ ಹುಡುಗಿಯರು ಒಂದು ಹಿಂಡು ಹೋಗುತ್ತಿದ್ದರು, ನಾನು ಆಗ ಹಾಕಿಕೊಳ್ಳುತ್ತಿದ್ದ ಹಾಗೆಯೇ ಎರಡು ಜಡೆ. ನಾನು ಬಯಲಿಗೆ ಕಾಲಿಡುವ ಮುಂಚೆ ಉಸಿರು ತುಂಬಿಕೊಂಡು ಕೂಗಿದೆ. "ತಲೆ ಬಾರಾ!"

ಸೈಕಲ್ಲುಗಳು ನಿಧಾನಿಸಿದವು. ಹುಡುಗಿಯರು ಎರಡು ಭಾಗವಾಗಿ ಸರಿದರು. ಎಡಗಡೆ ಆ ಫ್ಯಾಕ್ಟರಿಯವರು ಸ್ಕೂಟರಿನಿಂದ ಕಾಲು ಕೆಳಗೂರಿ ನಿಂತು, "ಹೋಗ್ರೀ ಯವ್ವಾ, ಇವತ್ತ ದಾರಿ ನಿಮ್ದ," ಅಂದರು. ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಅಮ್ಮ ಆರಾಮಾಗಿ ಕೈ ಬೀಸಿಕೊಂಡು ಬರುತ್ತಿದ್ದಳು.

"ಇಷ್ಟೇನಾ ನಿನ್ ಗಂಟ್ಲು? ಗಟ್ಟಿಯಾಗ್ ಕೂಗಮ್ಮಿ, ಇಮಾನಕ್ಕೆ ಕೇಳ್ಬೇಕು!" ಅಂತ ಅಲ್ಲಿಂದಲೇ ಕಿರುಚಿದಳು.

ನಾನು ಮತ್ತೆ ಕೂಗಿದೆ, ಈ ಸಲ ಬಂಗಾರಪೇಟೆಗೇ ಕೇಳುವಷ್ಟು ಗಟ್ಟಿಯಾಗಿ.